ನಾಲ್ಕನೇ ಹಾಡಿನ ಸದ್ದು

"ಇಲ್ಲಿ," ಎಂದು ಬೆರಳೆತ್ತಿದ ಫಿಟರ್. "ಇಲ್ಲೊಂದು ಸದ್ದಿದೆ."

ಹೆಂಡತಿಯ ಆಲ್ಬಮನ್ನು ಅವನು ಮೊದಲ ಸಲ ಕೇಳುತ್ತಿದ್ದ. ಗಿಟಾರು ನುಡಿಸುತ್ತ ಹಾಡಿದ ಒಂಬತ್ತು ಕಂಟ್ರಿ ಹಾಡುಗಳು. ಮಾತು ಅವಳದೇ, ರಾಗವೂ ಅವಳದೇ. ಇಪ್ಪತ್ತೇಳು ವರ್ಷ ಸಿಟಿ ಬಸ್ಸು ಓಡಿಸಿದವಳು ಅವಳು. ಸಿಗ್ನಲ್ಲಿನಲ್ಲಿ ಹೊಳೆದ ಸಾಲನ್ನು ಹಳೇ ಟಿಕೆಟ್ಟಿನ ಹಿಂದೆ ಗೀಚಿ, ಕೊನೆಯ ಸ್ಟಾಪಿನಲ್ಲಿ ಇನ್ನೊಂದು ಸಾಲು ಸೇರಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಅವಳ ತಮ್ಮ ಮೈಕು, ರೆಕಾರ್ಡಿಂಗ್ ಯಂತ್ರ ಹೊತ್ತು ತಂದು, ಕಿಟಕಿಗೆ ಕಂಬಳಿ ಬಡಿದು, ಹಿಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿದ್ದ. ಅಲ್ಲಿನ ಹಳೇ ತೂಗುಕುರ್ಚಿಯಲ್ಲಿ ಕೂತು ಅವಳು ಹಾಡಿದ್ದಳು.

ಈಗ ಅವಳು ಗಂಡನ ಮುಖ ನೋಡುತ್ತ ಕೂತಿದ್ದಳು. ಮುಖ ಒಂಬತ್ತೂ ಹಾಡಿಗೆ ಒಂದೇ ಥರ ಇತ್ತು.

"ನಾಲ್ಕನೇದ್ರಲ್ಲಿ ಕುರ್ಚಿ ಕಿರುಗುಡ್ತಿದೆ," ಎಂದ ಕೊನೆಗೆ.

"ಮಿಕ್ಕಿದ್ದೆಲ್ಲ?"

"ಅವಕ್ಕೇನಾಗಿದೆ?"

ಅವನನ್ನು ಬೈದು ಪ್ರಯೋಜನವಿಲ್ಲ. ಅವನು ಕೆಲಸ ಮಾಡುವ ನೂಲಿನ ಗಿರಣಿಯಲ್ಲಿ, ಯಂತ್ರದ ಸದ್ದು ಕೇಳಿ ಕೆಟ್ಟದ್ದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಫಿಟರುಗಳ ಪದ್ಧತಿ. ಸರಿಯಾಗಿ ಓಡುವುದಕ್ಕೆ ಗುರುತೂ ಇಲ್ಲ, ಮಾತೂ ಇಲ್ಲ. ಮನೆಯಲ್ಲೂ ಅದೇ ಪದ್ಧತಿ. ಗಂಡ ಸುಮ್ಮನೆ ಉಂಡರೆ ಅಡುಗೆ ಚೆನ್ನಾಗಿದೆ ಎಂದುಕೊಂಡು ಅವಳು ಇಷ್ಟು ವರ್ಷ ಸಂಸಾರ ತೂಗಿಸಿದ್ದಳು. ಆದರೆ ಹಾಡು ಅಡುಗೆಯಲ್ಲ. ಈ ಒಂದು ಸಲವಾದರೂ ಅವನು ಬಾಯಿಬಿಟ್ಟು ಏನಾದರೂ ಹೇಳಲಿ ಎಂದು ಅವಳಿಗೆ ಬಹಳ ಆಸೆಯಿತ್ತು. ಅದರಲ್ಲೂ ನಾಲ್ಕನೇ ಹಾಡಿನ ಬಗ್ಗೆ.

ಮರುದಿನ ಭಾನುವಾರ. ಭಾವ ಹೇಳಿದ್ದು ನಿಜ, ಆ ಹಾಡೊಂದನ್ನು ಮತ್ತೆ ಹಾಡಿಬಿಡು ಎಂದು ತಮ್ಮ ಹಳೆಯದನ್ನು ಅಳಿಸಿಯೇಬಿಟ್ಟ. ಯಂತ್ರವನ್ನು ಸಂಜೆ ಆರಕ್ಕೆ ಹಿಂದಿರುಗಿಸಬೇಕಿತ್ತು. ಅಷ್ಟರಲ್ಲಿ ಆಗದಿದ್ದರೆ ಆಲ್ಬಮಿನಲ್ಲಿ ಎಂಟೇ ಹಾಡು.

ಬೋಲ್ಟು ತಿರುಗಿಸುವ ಪಾನಾ ಹಿಡಿದೇ ಪ್ರೀತಿ ತೋರಿಸುವವರ ಪೈಕಿ ಫಿಟರ್. ಅಂದು ಬೆಳಿಗ್ಗೆ ಅಕ್ಕ, ತಮ್ಮ ಇಬ್ಬರೂ ಏಳುವ ಮೊದಲೇ ಕುರ್ಚಿಯ ಕೀಲು ಬಿಚ್ಚಿ, ಉಜ್ಜಿ, ಚರ್ಮದ ವಾಷರ್ ಕೂಡಿಸಿ, ಎಣ್ಣೆ ಬಿಟ್ಟು ಬಿಗಿ ಮಾಡಿದ್ದ. ಎಷ್ಟು ತೂಗಿದರೂ ಕುರ್ಚಿ ಕಮಕ್ ಕಿಮಕ್ ಎನ್ನಲಿಲ್ಲ. ಅವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು.

ಅವಳು ಕೂತು ಹಾಡಿದಳು. ಎರಡನೇ ಚರಣ ಓಟ ಕಿತ್ತಿತು. ಮತ್ತೆ ಹಾಡಿದಳು, ಈ ಸಲ ಎಳೆದಾಡಿತು. ಊಟದ ಹೊತ್ತು ಕಳೆದು ಮೂರು ಗಂಟೆಯಾದರೂ ಹಾಡು ಹದಕ್ಕೆ ಬರಲಿಲ್ಲ. ಏಳನೇ ಸಲ ಅರ್ಧಕ್ಕೇ ನಿಲ್ಲಿಸಿ ಗಿಟಾರನ್ನು ಗೋಡೆಗೆ ಒರಗಿಸಿದಳು.

"ಬಿಟ್ಬಿಡೋ, ಎಂಟೇ ಸಾಕು. ನಂಗೆ ವಯಸ್ಸಾಯ್ತು."

ಬಾಗಿಲಾಚೆ ಕೂತಿದ್ದ ಫಿಟರಿಗೆ ಅದು ವಯಸ್ಸಲ್ಲವೆಂದು ಗೊತ್ತಿತ್ತು. ಅವಳ ದನಿಯಲ್ಲಿ ಏನೂ ಕೆಟ್ಟಿರಲಿಲ್ಲ; ಲಯ ತಪ್ಪುತ್ತಿತ್ತು, ಅಷ್ಟೆ. ನಿನ್ನೆ ಕೇಳಿದ್ದನ್ನು ಮನಸ್ಸಿನಲ್ಲೇ ಮತ್ತೆ ಓಡಿಸಿ ನೋಡಿದ. ಕಿರ್ರ್, ಕಿರ್ರ್. ಅವಳು ತಾಳ ಹಿಡಿದಿದ್ದು ಆ ಸದ್ದಿನ ಮೇಲೆ, ಅದು ಅವಳಿಗೇ ಗೊತ್ತಿರಲಿಲ್ಲ. ಪಾನಾ ತೆಗೆದುಕೊಂಡು ಒಳಗೆ ಬಂದ.

"ಏಳು ಸ್ವಲ್ಪ. ತಪ್ಪು ನಂದು."

ಮೂವತ್ತು ವರ್ಷ ಸದ್ದು ಅಡಗಿಸಿದವನು ಈಗ ಸದ್ದು ಹುಟ್ಟಿಸಲು ಮಂಡಿಯೂರಿ ಕೂತ. ವಾಷರ್ ಕಿತ್ತ, ಎಣ್ಣೆ ಒರೆಸಿದ, ಬೋಲ್ಟು ಸಡಿಲಿಸಿದ. ಅವಳು ಕೂತು ತೂಗಿದರೆ ಸದ್ದೇ ಇಲ್ಲ; ರಿಪೇರಿ ಅಷ್ಟು ಚೆನ್ನಾಗಿ ಆಗಿತ್ತು. ತಮ್ಮ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಕೊನೆಗೆ ಫಿಟರೇ ಕೂತು ನೋಡಿದ. ಅವನ ದಪ್ಪ ದೇಹದ ಭಾರಕ್ಕೆ ಕುರ್ಚಿ ಕಿರ್ರ್ ಎಂದಿತು.

"ನೀನು ನಿಂತ್ಕೊಂಡು ಹಾಡು, ನಾನು ತೂಗ್ತೀನಿ," ಎಂದ.

ಅವಳು ಗಿಟಾರು ಹಿಡಿದು ಅವನ ಪಕ್ಕದಲ್ಲಿ ನಿಂತು ಹಾಡಿದಳು. ಸದ್ದು ಹುಡುಕುವ ಕೆಲಸ ಇಲ್ಲದ್ದರಿಂದ ಫಿಟರನ ಕಿವಿಗೆ ಮೊದಲ ಸಲ ಮಾತುಗಳು ಬಿದ್ದವು. ಗಿರಣಿಯ ಗೇಟು, ಶಿಫ್ಟು ಬಿಟ್ಟ ಸೈರನ್ನು, ಕಂಡಕ್ಟರ್ ಎಷ್ಟು ಸಲ ಗಂಟೆ ಹೊಡೆದರೂ ಕದಲದ ಬಸ್ಸು. ಯಾರೋ ಒಬ್ಬ ಓಡಿ ಬರಲಿ ಎಂದು ಅರ್ಧ ನಿಮಿಷ ಹೆಚ್ಚು ನಿಲ್ಲಿಸಿಕೊಂಡ ಹೊಸ ಡ್ರೈವರ್ ಹುಡುಗಿ. ಓಡಿ ಬರುತ್ತಿದ್ದವನು ತಾನೇ ಎಂದು ತಿಳಿಯಲು ಅವನಿಗೆ ಎರಡು ಚರಣ ಬೇಕಾಯಿತು. ಆದರೂ ತೂಗುವುದನ್ನು ತಪ್ಪಿಸಲಿಲ್ಲ.

ಹಾಡು ಮುಗಿಯಿತು. ತಮ್ಮ ಯಂತ್ರ ನಿಲ್ಲಿಸಿ, ಸರಿಯಾಯ್ತು ಎಂದು ಕೈ ಮಾಡಿದ. ಫಿಟರ್ ನೆಲ ನೋಡುತ್ತ ಕೂತಿದ್ದ.

"ಒಂದು ತಪ್ಪಿದೆ," ಎಂದ.

ಅವಳ ಮುಖ ಇಳಿಯಿತು. "ಮತ್ತೇನ್ರೀ?"

"ಅರ್ಧ ನಿಮಿಷ ಅಂತ ಹಾಡಿದೀಯ. ಒಂದು ನಿಮಿಷ ನಿಲ್ಲಿಸ್ತಿದ್ದೆ ನೀನು. ನಾನು ಗೇಟಿಂದ ಓಡೋವಾಗ ದಿನಾ ಎಣಿಸ್ತಿದ್ದೆ."

ಅವಳು ಗಿಟಾರು ಒರಗಿಸಿ, ಮೈಕಿನ ಪಕ್ಕದಲ್ಲಿದ್ದ ಪೆನ್ಸಿಲ್ ತೆಗೆದುಕೊಂಡು ಹಾಡಿನ ಹಾಳೆಯಲ್ಲಿ ಒಂದು ಪದ ಹೊಡೆದುಹಾಕಿ, ಅದರ ಮೇಲೆ ಇನ್ನೊಂದು ಬರೆದಳು. ಕಣ್ಣೊರೆಸಿಕೊಂಡು ಮತ್ತೆ ಗಿಟಾರು ಎತ್ತಿಕೊಂಡಳು.

ಗಂಟೆ ಐದಾಗಿದೆ ಅಕ್ಕ, ಇನ್ನೊಂದೇ ಸಲ ಎಂದ ತಮ್ಮ. ಅವನು ಯಂತ್ರ ಶುರುಮಾಡುವ ಮೊದಲೇ ಫಿಟರ್ ತೂಗತೊಡಗಿದ್ದ.