ಒಬ್ಬೊಬ್ಬರ ನೀರು

ನಮ್ಮ ಪ್ರವಾಸದ ವಾಷಿಂಗ್ ಮಷೀನ್ ಎಷ್ಟು ಚಿಕ್ಕದೆಂದರೆ ಅದರಲ್ಲಿ ಒಂದು ಸಲಕ್ಕೆ ಒಬ್ಬರ ಬಟ್ಟೆ ಮಾತ್ರ ಹಿಡಿಯುತ್ತದೆ. ನೋಡಲು ದೊಡ್ಡ ಬಕೆಟ್ಟಿಗೆ ಮುಚ್ಚಳ ಹಾಕಿದಂತಿದೆ. ಮಲಗಲು, ಅಡುಗೆ ಮಾಡಲು ಜಾಗವಿರುವ ನಮ್ಮ ಗಾಡಿಯ, ಅಂದರೆ ಕ್ಯಾರವಾನಿನ, ಬಾಗಿಲ ಪಕ್ಕ ಸ್ಟೂಲಿನ ಮೇಲಿಟ್ಟು, ನಲ್ಲಿಯಿಂದ ನೀರು ಹೊತ್ತು ತಂದು ಸುರಿದು, ಸೋಪಿನ ಪುಡಿ ಹಾಕಿ ಗುಂಡಿ ತಿರುಗಿಸಿದರೆ ಸ್ಟೂಲಿನ ಸಮೇತ ನಡುಗುತ್ತ ಒಗೆಯುತ್ತದೆ. ಆಮೇಲೆ ಪಕ್ಕದ ಪೈಪನ್ನು ಕೆಳಗೆ ಇಳಿಬಿಟ್ಟರೆ ಕೊಳೆನೀರು ಬಕೆಟ್ಟಿಗೆ ಬೀಳುತ್ತದೆ. ಅದನ್ನು ಮೋರಿಯ ತನಕ ಹೊತ್ತು ಹೋಗಿ ಚೆಲ್ಲಬೇಕು. ಗಾಡಿಗಳು ನಿಲ್ಲುವ ಮೈದಾನದಲ್ಲಿ ಕಂಡಕಂಡಲ್ಲಿ ಚೆಲ್ಲುವಂತಿಲ್ಲ.

ಹೀಗಾಗಿ ಒಬ್ಬೊಬ್ಬರ ನೀರನ್ನೂ ನಾನು ಬೇರೆ ಬೇರೆಯಾಗಿ ನೋಡುತ್ತೇನೆ. ಮಗಳದು ಮಣ್ಣಿನ ನೀರು. ನನ್ನವರದು ಕಪ್ಪು, ಗ್ರೀಸಿನದು. ರಜೆಯಲ್ಲೂ ಗಾಡಿಯ ಅಡಿಯಲ್ಲೇ ಮಲಗಿರುವ ಮನುಷ್ಯ. ನನ್ನ ನೀರಿನ ಮೇಲೆ ಅಡುಗೆಯ ಜಿಡ್ಡು ತೇಲುತ್ತದೆ.

"ನಿಮ್ಮಮ್ಮ ನೀರು ನೋಡಿ ಭವಿಷ್ಯ ಹೇಳ್ತಾಳೆ. ಒಂದು ಬೋರ್ಡ್ ಬರೆಸಿ ನೇತಾಕೋದೊಂದು ಬಾಕಿ" ಎಂದು ಇವರು ಮಗಳಿಗೆ ಹೇಳಿ ನಗುತ್ತಾರೆ.

ಈ ಸಲ ಅಕ್ಕನೂ ಬಂದಿದ್ದಳು. ಭಾವ ಬಡಗಿಯಾಗಿದ್ದರು. ನಮ್ಮ ಕ್ಯಾರವಾನಿನ ಕಪಾಟು, ಮಡಚುವ ಮೇಜು, ಮಂಚ ಎಲ್ಲ ಅವರ ಕೈಯಿಂದಲೇ ಆದದ್ದು. ಮೊದಲ ಸವಾರಿಗೆ ತಾವಿಬ್ಬರೂ ಬರುತ್ತೇವೆಂದು ಹೇಳಿಕೊಂಡೇ ಹಲಗೆಗೆ ರಂದಾ ಹೊಡೆಯುತ್ತಿದ್ದವರು, ಒಂದು ದಿನ ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಸೆಕೆಯೆಂದು ಅಂದು ಕಳಚಿಟ್ಟಿದ್ದ ಅವರ ಕೆಲಸದ ನೀಲಿ ಅಂಗಿ ಒಳಗಿನ ಗೂಟದಲ್ಲಿ ನೇತಾಡುತ್ತ ಉಳಿಯಿತು. ತೆಗೆಯಲು ಯಾರಿಗೂ ಕೈ ಬರಲಿಲ್ಲ.

ಕೆರೆಯ ದಂಡೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಅಕ್ಕನೇ ಅದನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಎಷ್ಟು ದಿನ ಅಂತ ಹೀಗೇ ಬಿಡೋದು? ಒಗೆದು ಕೊಡೇ."

ನೀರು ಕಂದು ಬಣ್ಣಕ್ಕೆ ತಿರುಗಿ ಬಂತು. ಮಷೀನಿನೊಳಗೆ ಎಳೆ, ಕಸ ಹಿಡಿಯುವ ಪುಟ್ಟ ಜಾಲರಿಯಿದೆ. ಅದರ ತುಂಬ ಮರದ ಹೊಟ್ಟು. ನನಗೆ ದುಃಖವಾಯಿತು, ಅಷ್ಟೇ. ಒಣಗಿದ ಅಂಗಿಯನ್ನು ಅಕ್ಕ ಮತ್ತೆ ಅದೇ ಗೂಟಕ್ಕೆ ಹಾಕಿದಳು.

ಮರುದಿನ ಅದು ಕೊಳೆಬಟ್ಟೆಯ ಬುಟ್ಟಿಯಲ್ಲಿತ್ತು. ಕಾಲರಿನಲ್ಲಿ ಕಪ್ಪು ಗೆರೆ. ಬೆನ್ನಿಗೆ ಬೆವರು ಒಣಗಿದ ಉಪ್ಪಿನ ಗುರುತು. ತೋಳುಗಳನ್ನು ಮೊಣಕೈ ದಾಟುವಂತೆ ಒಳಕ್ಕೆ ಮಡಚಲಾಗಿತ್ತು. ಹಾಗೆ ಒಳಕ್ಕೆ ಮಡಚುತ್ತಿದ್ದವರು ಭಾವ ಒಬ್ಬರೇ. ಹೊರಮಡಿಕೆಯಲ್ಲಿ ಹೊಟ್ಟು ತುಂಬಿಕೊಳ್ಳುತ್ತದೆ ಎನ್ನುತ್ತಿದ್ದರು.

"ಅಕ್ಕಾ, ಇದನ್ನ ನೀನು ಹಾಕ್ಕೊಂಡಿದ್ಯಾ?"

"ನಾನಾ? ಅದು ನನಗೆ ಗೋಣಿಚೀಲ ಆಗುತ್ತೆ. ನಿನ್ನೆ ನೀನು ಸರಿಯಾಗಿ ಒಗೆದಿಲ್ಲ ನೋಡು. ಚಿಕ್ಕಂದಿನಿಂದಲೂ ನಿನ್ನ ಒಗೆತ ಹಾಗೇ, ನೀರು ತೋರಿಸಿ ತೆಗೆಯೋದು."

ಮತ್ತೆ ಒಗೆದೆ. ಮತ್ತೆ ಕಂದು ನೀರು, ಮತ್ತೆ ಹೊಟ್ಟು. ಈಗಷ್ಟೇ ಕೊಯ್ದ ಮರದ ವಾಸನೆ. ಅದಾದ ಮೇಲೆ ಅಕ್ಕನ ಬಟ್ಟೆ ಹಾಕಿದೆ. ಪೈಪು ಇಳಿಬಿಟ್ಟಾಗ ಬಂದದ್ದು ಬರಿಯ ನೊರೆ ಮತ್ತು ನೀರು. ನಲ್ಲಿಯಲ್ಲಿ ಹಿಡಿದಾಗ ಎಷ್ಟು ತಿಳಿಯಾಗಿತ್ತೋ ಅಷ್ಟೇ ತಿಳಿ, ಯಾರೂ ತೊಡದ ಬಟ್ಟೆಯನ್ನು ಒಗೆದಂತೆ.

ಅಕ್ಕನದು ಬೆವರುವ ಮೈ. ಬೇಕರಿಯ ಒಲೆಯ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವಳು. ಒಂದೇ ಹೊದಿಕೆಯಡಿ ಮಲಗಿ ಬೆಳೆದ ನನಗೆ ಅವಳ ಬೆವರಿನ ವಾಸನೆ ಕಣ್ಣು ಕಟ್ಟಿದರೂ ಗೊತ್ತಾಗುತ್ತದೆ. ಇನ್ನೂ ಒಗೆಯದ ಅವಳ ಬಟ್ಟೆಯೊಂದನ್ನು ಬುಟ್ಟಿಯಿಂದ ತೆಗೆದು ಮೂಸಿದೆ. ಏನೂ ಇರಲಿಲ್ಲ.

ಅಂದಿನಿಂದ ಅವಳ ಮೇಲೆ ಕಣ್ಣಿಟ್ಟೆ. ಅಕ್ಕ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೆರೆ ನೋಡುತ್ತ ಕೂರುವಳು. ನಾವೆಲ್ಲ ಹಣೆ ಒರೆಸಿಕೊಳ್ಳುತ್ತಿದ್ದರೆ ಅವಳ ಹಣೆ ಒಣಗಿಯೇ ಇರುತ್ತಿತ್ತು. ಅಂಗಿ ದಿನವೂ ಕೊಳೆಯಾಗಿ ಬುಟ್ಟಿಗೆ ಬರುತ್ತಿತ್ತು. ದಿನ ಕಳೆದಂತೆ ಭಾವನ ನೀರು ಗಟ್ಟಿಯಾಗುತ್ತ ಬಂತು. ಅಕ್ಕನ ನೀರಿನಲ್ಲಿ ಬಕೆಟ್ಟಿನ ತಳ ಕಾಣುತ್ತಿತ್ತು.

"ಒಲೆ ಮುಂದೆ ನಿಂತಿಲ್ಲ, ಬೆವರಿಲ್ಲ. ಅವರು ರಜೆಗೆ ಬಂದಿದ್ದಾರೆ ಕಣೇ" ಎಂದರು ಇವರು.

"ಅಂಗಿ?"

"ಗಾಡಿ ತುಂಬ ಭಾವನ ಹೊಟ್ಟು ಇದೆ. ಎಲ್ಲಿ ಕೈ ಹಾಕಿದ್ರೂ ಅದೇ. ಇಲ್ಲದ್ದನ್ನ ತಲೆಗೆ ಹಚ್ಕೋಬೇಡ."

ಮಗಳು ಮಾತ್ರ ನನ್ನ ಪಕ್ಕಕ್ಕೆ ಸರಿದು ಹೇಳಿದಳು: "ದೊಡ್ಡಮ್ಮನ ಕೈ ಕಿಟಕಿ ಗಾಜಿನ ಥರ ಇದೆ ಅಮ್ಮಾ."

ಅಂದು ಊಟವಾದ ಮೇಲೆ ನಾನು ಅಂಗಿಯನ್ನು ಒಗೆದು, ಜಾಲಾಡಿಸಿ, ಹಿಂಡಿದೆ. ಆದರೆ ಒಣಗಿಹಾಕಲಿಲ್ಲ. ಒದ್ದೆಯಾಗಿಯೇ ಮಷೀನಿನೊಳಗೆ ಬಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು ಕೂತೆ. ತೆರೆದ ಬಾಗಿಲಿನಲ್ಲಿ ಮಂಚದ ಮೇಲೆ ಮಲಗಿದ್ದ ಅಕ್ಕ ಕಾಣುತ್ತಿದ್ದಳು. ಬಿಸಿಲು ಇಳಿಯುವ ತನಕ ಅವಳೂ ಅಲುಗಲಿಲ್ಲ, ನಾನೂ ಏಳಲಿಲ್ಲ. ಆಮೇಲೆ ಮುಚ್ಚಳ ತೆಗೆದೆ. ಅಂಗಿ ಒಣಗಿತ್ತು. ಯಾರೋ ಈಗಷ್ಟೇ ಮೈಯಿಂದ ಕಳಚಿ ಹಾಕಿದಂತೆ ಬೆಚ್ಚಗಿತ್ತು. ಕಾಲರು ಕಪ್ಪಾಗಿತ್ತು.

ಅಕ್ಕ ಎದ್ದು ಕೂದಲು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ನಾನು ಒಳಗೆ ಹೋಗಿ ತಲೆದಿಂಬು ನೋಡಿದೆ. ಅಷ್ಟು ಹೊತ್ತು ತಲೆಯಿಟ್ಟಿದ್ದರೂ ಅದರಲ್ಲಿ ತಗ್ಗು ಬಿದ್ದಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಭಾವ ಬರುತ್ತಿದ್ದಷ್ಟೂ ಅಕ್ಕ ಹೋಗುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಅಕ್ಕ ಅಂಗಿ ಹಿಡಿದುಕೊಂಡು ಬಂದಳು. ಇವರು ಮಗಳನ್ನು ಕರೆದುಕೊಂಡು ದಾರಿಗೆ ಬೇಕಾದ ಸಾಮಾನು ತರಲು ಹೋಗಿದ್ದರು.

"ನೀವು ಹೊರಡಿ. ನಾನು ಇಲ್ಲೇ ಇರ್ತೀನಿ" ಎಂದಳು.

"ಇಲ್ಲಿ ಯಾರಿದಾರೆ ನಿನಗೆ?"

ಅವಳು ನಕ್ಕಳು. "ಇದೊಂದು ಒಗೆದು ಕೊಟ್ಟು ಹೋಗು."

"ಹಾಗಾದ್ರೆ ನೀನೇ ನೀರು ತಾ."

ಅವಳಿಗೆ ದಣಿವಾಗಲಿ, ಉಸಿರು ಕಟ್ಟಲಿ, ಒಂದು ಹನಿ ಬೆವರು ಬರಲಿ ಎಂದೇ ಹಾಗೆಂದೆ. ನಲ್ಲಿ ಇಳಿಜಾರಿನ ಬುಡದಲ್ಲಿತ್ತು. ಅಕ್ಕ ಎರಡು ಕೈಯಲ್ಲೂ ತುಂಬಿದ ಬಕೆಟ್ ಹಿಡಿದು ಏರಿ ಬಂದಳು. ಏದುಸಿರಿಲ್ಲ. ಒಂದನ್ನು ಮಷೀನಿಗೆ ಸುರಿದೆ, ಅಂಗಿ ಹಾಕಿದೆ, ಗುಂಡಿ ತಿರುಗಿಸಿದೆ. ಇನ್ನು ನನಗೆ ಗೊತ್ತಿದ್ದದ್ದು ಒಂದೇ ದಾರಿ, ಚಿಕ್ಕಂದಿನದು: ಜಗಳ.

"ಭಾವ ಮಾಡಿದ ಕಪಾಟೆಲ್ಲ ಸೊಟ್ಟ" ಎಂದೆ. ಅದು ಶುದ್ಧ ಸುಳ್ಳು.

"ಏನಂದೆ?"

"ಸೊಟ್ಟ ಅಂದೆ. ಬೇರೆಯವರ ಕೆಲಸ ಆದ್ರೆ ಟೇಪು ಹಿಡಿದು ಅಳೆಯೋರು, ಮನೆಯವರಿಗೆ ಕಣ್ಣಳತೆ. ನಿನ್ನನ್ನೂ ಹಾಗೇ ಇಟ್ಕೊಂಡ್ರು. ಡಾಕ್ಟರ ಹತ್ರ ಹೋಗಿ ಅಂದ್ರೆ ನಾಳೆ, ನಾಳೆ. ನಿನ್ನ ಮಾತಿಗೆ ಒಂದಿನ ಆದ್ರೂ ಬೆಲೆ ಇತ್ತಾ?"

"ಬಾಯಿ ಮುಚ್ಚೇ."

"ಮುಚ್ಚಲ್ಲ. ಸತ್ತಿದಾರೆ ಅಕ್ಕಾ ಅವರು. ನಿನ್ನನ್ನ ಬಿಟ್ಟು ಹೋದರು. ಬಿಟ್ಟು ಹೋದವರಿಗೆ ಬಟ್ಟೆ ಒಗೆಸ್ತಾ ಕೂತಿದೀಯಲ್ಲ, ನಾಚಿಕೆ ಆಗಲ್ವಾ?"

ಅವಳ ಕೈಯಿಂದ ಇನ್ನೊಂದು ಬಕೆಟ್ ಜಾರಿ ಬಿತ್ತು. ನನ್ನ ಜಡೆ ಹಿಡಿದೆಳೆದು ಬೆನ್ನಿಗೆ ಗುದ್ದಿದಳು. ನಾನೂ ಅವಳ ತೋಳು ಬಿಡಲಿಲ್ಲ. ಇಬ್ಬರೂ ಕೆಸರಿನಲ್ಲಿ ಉರುಳಿದೆವು.

"ನಿನಗೇನೇ ಗೊತ್ತು! ಕಾಲು ಹಿಡಿಯೋದೊಂದು ಬಾಕಿ ಇತ್ತು, ಅಷ್ಟು ಬೇಡ್ಕೊಂಡೆ. ಕೇಳಲಿಲ್ಲ ಕಣೇ. ಆ ಮನುಷ್ಯ ಕೇಳಲೇ ಇಲ್ಲ!"

ಹೆಣ ಎತ್ತುವಾಗಲೂ ಅಳದಿದ್ದವಳು ಈಗ ಅತ್ತಳು. ಬಾಯಿ ಬಿಟ್ಟು, ಮೂಗು ಸೋರಿಸಿಕೊಂಡು, ಮಕ್ಕಳ ಹಾಗೆ. ಅವಳ ಮುಖ ಕೆಂಪೇರಿತು. ಕಿವಿಯ ಹಿಂದಿನಿಂದ ನೀರು ಇಳಿದು ಕತ್ತಿನ ಮಡಿಕೆ ಸೇರಿತು. ನಾನು ಅಲ್ಲಿಗೆ ಮೂಗು ಒತ್ತಿದೆ. ಉಪ್ಪು. ಉಪ್ಪಿನ ಕೆಳಗೆ ಅವಳದೇ ವಾಸನೆ.

ಮಷೀನ್ ನಿಂತಿತು. ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ ಎದ್ದು, ಖಾಲಿ ಬಕೆಟ್ಟನ್ನು ಕೆಳಗಿಟ್ಟು ತಾನೇ ಪೈಪು ಇಳಿಬಿಟ್ಟಳು. ತಿಳಿನೀರು ಬಂತು. ಅವಳು ಬಗ್ಗಿ ನೋಡಿದಳು. ಕೈ ಅದ್ದಿ, ತಳದಲ್ಲಿ ಏನೋ ಸಿಗಬಹುದೆಂಬಂತೆ ಬೆರಳಾಡಿಸಿದಳು.

"ಕಳಿಸಿಬಿಟ್ಟೆಯಲ್ಲೇ ಅವರನ್ನ" ಎಂದಳು. ನನ್ನ ಕಡೆ ತಿರುಗಲಿಲ್ಲ.

"ಅಕ್ಕಾ, ಮೈಯೆಲ್ಲ ಕೆಸರಾಗಿದೆ. ಬದಲಾಯಿಸಿ ಕೊಡು, ಒಗೆದುಬಿಡ್ತೀನಿ."

"ನನ್ನ ಬಟ್ಟೆ ಇನ್ನು ಮುಂದೆ ನೀನು ಮುಟ್ಟಬೇಡ."

ಅವಳು ಇಳಿಜಾರು ಇಳಿದು ಹೋಗಿ ನಲ್ಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ತೋಳಿನ ಕೆಸರು ಉಜ್ಜತೊಡಗಿದಳು. ಬಿಸಿಲು ಏರಿತ್ತು. ಅವಳ ಬೆನ್ನಿನ ಮೇಲೆ ಬೆವರಿನ ಒದ್ದೆ ಗುರುತೊಂದು ಮೂಡಿ ನಿಧಾನವಾಗಿ ಹರಡಿತು. ಗಾಡಿಯ ಹತ್ತಿರ ನಿಂತುಕೊಂಡೇ ಅದನ್ನು ನೋಡಿದೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ.