ದಾಕ್ಷಿಣ್ಯದ ತಾಳ

ಬಾಸ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ವಾದ್ಯ ನೋಡಿದರೆ ದೊಡ್ಡ ಪಿಟೀಲಿನ ಹಾಗೆ, ಆಳಿಗಿಂತ ಎತ್ತರ, ತಂತಿ ನಾಲ್ಕೇ. ಹಿಂದೆ ನಿಂತು ಗುಂ ಗುಂ ಅನ್ನಿಸುತ್ತಿರಬೇಕು. ಚಪ್ಪಾಳೆಯೆಲ್ಲ ಮುಂದೆ ನಿಂತು ಸ್ಯಾಕ್ಸೊಫೋನ್ ಊದುವವನ ಪಾಲು. ಹಾಗಿದ್ದೂ ನಮ್ಮ ಕಥೆಯ ಯಜಮಾನರು ಅದನ್ನೇ ನಂಬಿ ಒಂದು ಜಾಝ್ ತಂಡ ಕಟ್ಟಿ, ನಲವತ್ತು ವರ್ಷ ನಡೆಸಿದರು ಅಂದರೆ ಹುಡುಗಾಟವಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ. ತಾಳ ಒಂದೆಳೆ ಆಚೀಚೆ ಆದರೆ ಸಾಕು, ಎಂಥ ಕೊಂಬಿರುವವನಾದರೂ ಸರಿ, ಮಾರನೇ ದಿನ ತಂಡದಲ್ಲಿ ಇರುತ್ತಿರಲಿಲ್ಲ. ಹಾಗೆ ಬಂದುಹೋದವರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಬೀದಿ ತುಂಬೀತು. ಮೊದಲಿಂದ ಕೊನೆತನಕ ಉಳಿದವನು ಡ್ರಮ್ಸ್ ಬಾರಿಸುವ ಗೆಳೆಯನೊಬ್ಬನೇ. ಅವನಿಗೆ ಗುಡುಗಪ್ಪ ಅಂತ ಅಡ್ಡಹೆಸರು, ಮನುಷ್ಯ ಬೆಣ್ಣೆ.

ಹೆಂಡತಿ ತೀರಿಕೊಂಡ ಮೇಲೆ ಯಜಮಾನರಿಗೆ ಮನೆ ಅಂದರೆ ಮಲಗುವ ಜಾಗ, ಅಷ್ಟೇ. ಒಂದು ತಟ್ಟೆ, ಒಂದು ಲೋಟ, ಏನು ಹೇಳಿದರೂ ಹೂಂ ಅನ್ನದ ಗೋಡೆಗಳು. ಮಧ್ಯಾಹ್ನದ ತಾಲೀಮು, ಶನಿವಾರದ ಕಾರ್ಯಕ್ರಮ, ಬದುಕು ಅಂತ ಇದ್ದದ್ದು ಅದರಲ್ಲೇ. ಆದರೆ ವಿಚಿತ್ರ ನೋಡಿ, ಅವರ ಹೆಸರು ಮೇಲೇರಿದ್ದೂ ಆಮೇಲೇ. "ವಯಸ್ಸಿನ ಜೊತೆ ವಾದನಕ್ಕೆ ಸಾವಧಾನ ಬಂದಿದೆ, ಆಳ ಬಂದಿದೆ" ಅಂತ ಪತ್ರಿಕೆಯವರು ಬರೆದರು. ಯಜಮಾನರು ಹೌದೆಂದು ನಂಬಿದರು. ಹೊಗಳಿಕೆ ಯಾರಿಗೆ ಕಹಿ?

ಹೀಗಿರುವಾಗ ಗುಡುಗಪ್ಪ ಎದೆನೋವು ಅಂತ ಆಸ್ಪತ್ರೆ ಸೇರಿದ. ಅವನ ಜಾಗಕ್ಕೆ ಬೇರೆ ತಂಡಗಳಲ್ಲಿ ಪಳಗಿದ ಒಬ್ಬ ಹೆಂಗಸು ಬಂದಳು. ಮೊದಲ ತಾಲೀಮಿನಲ್ಲೇ ಎಡವಟ್ಟಾಯಿತು. ಹಾಡು ಎರಡು ಸುತ್ತು ಮುಗಿಯುವಷ್ಟರಲ್ಲಿ ಬಾಸ್ ಒಂದು ದಾರಿ, ಡ್ರಮ್ಸ್ ಇನ್ನೊಂದು ದಾರಿ.

"ಯಾಕಮ್ಮಾ ಹಾಗೆ ಓಡ್ತೀಯಾ? ಬಸ್ಸು ತಪ್ಪಿಹೋಗುತ್ತಾ?" ಅಂತ ಯಜಮಾನರು ಗದರಿದರು.

"ಸರ್, ನೀವು ಶುರು ಮಾಡಿದ ವೇಗದಲ್ಲೇ ಇದ್ದೀನಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಏನಯ್ಯಾ, ನೀನೇ ಹೇಳು" ಅಂತ ಸ್ಯಾಕ್ಸೊಫೋನಿನವನ ಕಡೆ ತಿರುಗಿದರು. ಅವನು ವಾದ್ಯ ಒರೆಸುವುದರಲ್ಲಿ ಮುಳುಗಿಹೋಗಿದ್ದ. ಪಿಯಾನೋದವನಿಗೆ ಆಗಲೇ ಶೂ ದಾರ ಕಟ್ಟಬೇಕಾಗಿ ಬಂತು.

ಯಜಮಾನರಿಗೆ ಪಿತ್ತ ನೆತ್ತಿಗೇರಿತು. ಇವಳ ಮಾನ ಹರಾಜು ಹಾಕೇಬಿಡೋಣ ಅಂತ ಪಿಯಾನೋ ಮೇಲಿದ್ದ ಮೆಟ್ರೊನೋಮಿಗೆ, ಅದೇ ಟಿಕ್ ಟಿಕ್ ಅಂತ ತಾಳ ಹಾಕುವ ಪೆಟ್ಟಿಗೆಗೆ, ಕೀಲಿ ಕೊಟ್ಟರು. "ಈಗ ಬಾರಿಸು."

ಬಾರಿಸಿದಳು. ಅವಳೂ ಪೆಟ್ಟಿಗೆಯೂ ಒಂದೇ ಹೆಜ್ಜೆ. ಹಿಂದೆ ಬಿದ್ದದ್ದು ಯಜಮಾನರು. ಇನ್ನೊಮ್ಮೆ ನುಡಿಸಿದರು, ಇನ್ನೊಮ್ಮೆ ಹಿಂದೆ ಬಿದ್ದರು. ಯಂತ್ರಕ್ಕೇನು ದಾಕ್ಷಿಣ್ಯ? ಯಜಮಾನರು ಪೆಟ್ಟಿಗೆ ನಿಲ್ಲಿಸಿದರು. "ಇವತ್ತಿಗೆ ಸಾಕು" ಅಂತ ಎಲ್ಲರನ್ನೂ ಕಳಿಸಿ, ನೆಟ್ಟಗೆ ಆಸ್ಪತ್ರೆಗೆ ಹೋಗಿ ಗುಡುಗಪ್ಪನ ಹಾಸಿಗೆ ಪಕ್ಕ ಕೂತರು.

"ಯಾವಾಗಿಂದ ಕಣೋ?"

ಏನು, ಎತ್ತ ಅಂತ ಗುಡುಗಪ್ಪ ಕೇಳಲೇ ಇಲ್ಲ. "ಅತ್ತಿಗೆ ಹೋದ ಮೇಲೆ" ಅಂದ. "ಬರ್ತಾ ಬರ್ತಾ ನೀನು ನಿಧಾನ ಆದೆ. ನಾನೂ ಆದೆ. ನನ್ನ ನೋಡಿ ಮಿಕ್ಕವರೂ ಆದ್ರು."

"ಹಾಗಾದ್ರೆ ಆ ಸಾವಧಾನ, ಆ ಆಳ?"

"ಪೇಪರಿನವರಿಗೆ ಏನಪ್ಪಾ ಗೊತ್ತು."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

"ಹೇಳಬಾರದಿತ್ತೇನೋ? ಇದೇ ತಪ್ಪಿಗೆ ನಾನು ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದಿದ್ದೀನಿ!"

"ಹೇಳಿದ್ರೆ ಆವತ್ತೇ ಬಾಸ್ ಮೂಲೆಗಿಟ್ಟು ಒಬ್ಬನೇ ಮನೇಲಿ ಕೂತಿರ್ತಿದ್ದೆ. ನಿನ್ನ ನಾನು ಕಾಣೆನೇ?" ಗುಡುಗಪ್ಪ ಸುಧಾರಿಸಿಕೊಂಡು ಅಂದ, "ಇನ್ನು ನನ್ನ ಕೈಲಾಗಲ್ಲ ಕಣೋ. ಡಾಕ್ಟರು ಡ್ರಮ್ಸ್ ಮುಟ್ಟಲೇಬೇಡ ಅಂದಿದ್ದಾರೆ."

ಮನೆಗೆ ಹೋಗುವ ದಾರಿಯುದ್ದಕ್ಕೂ ಯಜಮಾನರಿಗೆ ಅಳುವೂ ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಸಿಟ್ಟಾಗುವುದು? ಎಲ್ಲರನ್ನೂ ತಾನೇ ನಡೆಸುತ್ತಿದ್ದೇನೆ ಅಂದುಕೊಂಡಿದ್ದರು. ತಂಡದವರೋ, ರೋಗಿಯ ಪಕ್ಕದಲ್ಲಿ ನಡೆಯುವವರ ಹಾಗೆ ಹೆಜ್ಜೆ ಸಣ್ಣದು ಮಾಡಿಕೊಂಡು ಬರುತ್ತಿದ್ದರು. ಅಷ್ಟು ಜನರ ನಡುವೆ ಇಷ್ಟು ಕಾಲ ಒಬ್ಬನೇ ನುಡಿಸಿದೆನಲ್ಲಾ ಅನ್ನಿಸಿತು. ಆದರೂ ಹಟ ಬಿಡುವ ಜೀವವೇ ಅದು? ವಾರವಿಡೀ ಬಾಗಿಲು ಹಾಕಿಕೊಂಡು, ಆ ಟಿಕ್ ಟಿಕ್ ಪೆಟ್ಟಿಗೆಯ ಮುಂದೆ ಬೆರಳಲ್ಲಿ ಬೊಬ್ಬೆ ಬರುವ ತನಕ ಸಾಧನೆ ಮಾಡಿದರು.

ಮುಂದಿನ ತಾಲೀಮಿಗೆ ಬಂದವರೇ ಡ್ರಮ್ಸಿನವಳಿಗೆ ಹೇಳಿದರು: "ತಪ್ಪು ನನ್ನದಮ್ಮಾ. ನಿನ್ನ ವೇಗವೇ ಸರಿ. ಹೇಗಾದ್ರೂ ಬಂದು ಸೇರ್ಕೋತೀನಿ. ನನಗೋಸ್ಕರ ಮಾತ್ರ ನಿಲ್ಲಬೇಡ."

ಅವಳು ಆಗಲಿ ಅಂತ ತಲೆಯಾಡಿಸಿದಳು.

ಮೊದಲ ಹಾಡು ತಾಳಕ್ಕೆ ಸರಿಯಾಗಿ ಕೂತಿತು. ಎರಡನೆಯದೂ ಕೂತಿತು, ಯಜಮಾನರ ಅಂಗಿ ಬೆವರಲ್ಲಿ ತೊಯ್ದುಹೋಗಿತ್ತು, ಆದರೆ ಮುಖದಲ್ಲಿ ಕಳೆ ಬಂದಿತ್ತು. ಮೂರನೆಯದರ ನಡುವೆ ಬೆರಳು ಸೋತವು. ಕೂದಲೆಳೆಯಷ್ಟು ಹಿಂದೆ ಬಿದ್ದರು. ಓಡಮ್ಮಾ, ನೀನು ಓಡು, ಹಿಡೀತೀನಿ ಅಂತ ಮನಸ್ಸಿನಲ್ಲೇ ಬೇಡಿಕೊಂಡರು.

ಅವಳು ಒಂದು ಸಲ ಅವರ ಮುಖ ನೋಡಿದಳು. ಆಮೇಲೆ ಡ್ರಮ್ಸ್ ನಿಧಾನವಾಯಿತು. ಎಷ್ಟು ನಯವಾಗಿ ಅಂದರೆ, ಹದಿನೈದು ದಿನದ ಹಿಂದೆ ಆಗಿದ್ದರೆ ಯಜಮಾನರಿಗೆ ತಿಳಿಯುತ್ತಲೂ ಇರಲಿಲ್ಲ. ಅವಳ ಹಿಂದೆ ಪಿಯಾನೋ ನಿಧಾನವಾಯಿತು, ಸ್ಯಾಕ್ಸೊಫೋನ್ ನಿಧಾನವಾಯಿತು, ಎಲ್ಲವೂ ಚೆಂದವಾಗಿ ಕೂಡಿಕೊಂಡಿತು. ಯಜಮಾನರು ಹಾಡು ಮುಗಿಯುವ ತನಕ ನುಡಿಸಿ, ಬಾಸನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿದರು.

"ಚೆನ್ನಾಗಿ ಬಂತು ಸರ್" ಅಂದಳು ಅವಳು.

"ಹೌದಮ್ಮಾ. ತುಂಬಾ ಒಳ್ಳೆಯವಳು ನೀನು" ಅಂದರು ಯಜಮಾನರು. "ಶನಿವಾರಕ್ಕೆ ಬಾಸ್ ನುಡಿಸೋಕೆ ಯಾರನ್ನಾದ್ರೂ ನೀನೇ ನೋಡು."