ಏಳನೇ ಟ್ರೇಯ ಮೂಲಂಗಿ

ಏಳನೇ ಟ್ರೇಯಲ್ಲಿ ಮೂಲಂಗಿ ಮೊಳಕೆ ಕಂಡ ಬೆಳಿಗ್ಗೆ ಪ್ರಯೋಗಾಲಯದವರೆಲ್ಲ ಕುಣಿದಾಡಿದರು. ಮುಖ ಊದಿಸಿಕೊಂಡು ಕೂತವಳು ಮಣ್ಣಕ್ಕ ಒಬ್ಬಳೇ.

ಸಿಟ್ಟು ಬರದೆ ಇನ್ನೇನು? ಮಂಗಳ ಗ್ರಹದ ಮಣ್ಣನ್ನು ಇಲ್ಲೇ ತಯಾರಿಸಿ ಕೊಡುವುದು ಅವಳ ಕೆಲಸ. ಕಪ್ಪು ಕಲ್ಲನ್ನು ಪುಡಿ ಮಾಡಿ, ಮೂರು ಸಲ ಜರಡಿ ಹಿಡಿದು, ಕಬ್ಬಿಣದ ತುಕ್ಕು, ಜಿಪ್ಸಂ ಬೆರೆಸಿ, ಕೊನೆಗೆ ಪರ್ಕ್ಲೋರೇಟ್ ಎಂಬ ವಿಷದುಪ್ಪನ್ನು ಹತ್ತು ಕಿಲೋ ಹಿಡಿಯುವ ಒಂದೊಂದು ಟ್ರೇಗೆ ಅರವತ್ತು ಗ್ರಾಂನಂತೆ ಸೇರಿಸುತ್ತಾಳೆ. ಅಲ್ಲಿಗೆ ಹೋದ ಯಂತ್ರಗಳು ಕಳಿಸಿದ ಲೆಕ್ಕವನ್ನು ನೋಡಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೊಟ್ಟ ಅಳತೆ ಅದು. ಹನ್ನೊಂದು ವರ್ಷದಲ್ಲಿ ಅವಳ ಕೈ ಒಮ್ಮೆಯೂ ತಪ್ಪಿರಲಿಲ್ಲ. ಅಷ್ಟು ಉಪ್ಪನ್ನು ತಾಳುವ ಬೀಜ ಯಾವುದೆಂದು ಹುಡುಕುತ್ತಲೇ ಇದ್ದಾರೆ, ಆ ಮಣ್ಣಲ್ಲಿ ಇಲ್ಲಿಯವರೆಗೆ ಏನೂ ಮೊಳೆತಿಲ್ಲ. ಈಗ ಮೊಳೆತಿದೆ ಎಂದರೆ, ಉಪ್ಪು ಹಾಕುವುದನ್ನೇ ಮರೆತಳು ಎಂದು ನಾಳೆ ಯಾರಾದರೂ ಬೆರಳು ತೋರಿಸುವುದು ಖಂಡಿತ.

ಅವಳು ಬಗ್ಗಿ ಟ್ರೇಗಳ ಅಡಿ ನೋಡಿದಳು. ಬೀಜಕ್ಕೆ ನೀರನ್ನು ಬರೀ ಚಿಮುಕಿಸುವುದರಿಂದ ಕೆಳಗಿನ ಬೋಗುಣಿಗಳೆಲ್ಲ ಒಣಗಿದ್ದವು. ಏಳನೆಯದು ಮಾತ್ರ ಅಂಚಿನವರೆಗೆ ತುಂಬಿತ್ತು. ಆ ಮೂಲೆಯಲ್ಲಿ ಕೂತು ಮಧ್ಯಾಹ್ನದ ಊಟ ಮಾಡುವವನು ಸಂಸ್ಥೆಯ ವ್ಯಾನ್ ಓಡಿಸುವ ಅವಳ ಗಂಡ. ಅವಳು ನೇರ ಹೊರಗೆ ವ್ಯಾನಿನ ಬಳಿಗೆ ಹೋದಳು.

"ರೀ, ಏಳನೇ ಟ್ರೇಗೆ ನೀರು ಹಾಕಿದ್ಯಾರು?"

ಅವನು ಸ್ಟೇರಿಂಗ್ ಒರೆಸತೊಡಗಿದ. ಸಿಕ್ಕಿಬಿದ್ದಾಗಲೆಲ್ಲ ಅವನಿಗೆ ಏನಾದರೊಂದನ್ನು ಒರೆಸುವುದು ಅಭ್ಯಾಸ.

"ಒಂದೇ ಬಾಟಲಿ ಕಣೇ. ದಿನಕ್ಕೆ."

"ಎಷ್ಟು ದಿನದಿಂದ?"

"ಹನ್ನೆರಡು. ಇನ್ನೇನ್ ಮಾಡ್ಲಿ? ಹನ್ನೊಂದು ವರ್ಷದಿಂದ ನಿನ್ ಹೆಂಡ್ತಿ ಮಣ್ಣು ಕಲಸ್ತಾನೇ ಇದಾಳೆ, ಒಂದು ಗರಿಕೆನೂ ಹುಟ್ಟಿಲ್ಲ ಅಂತ ಡ್ರೈವರ್‌ಗಳೆಲ್ಲ ಆಡ್ಕೊಂಡು ನಗ್ತಾರೆ. ಹೊಟ್ಟೆ ಉರೀತು ನಂಗೆ."

"ಹುಟ್ಟಬಾರದು ಅಂತಾನೇ ರೀ ನಾನು ಕಲಸೋದು!"

ತನ್ನ ಹೆಸರಿಗಾಗಿ ಕದ್ದು ನೀರು ಹೊಯ್ದ ಗಂಡನ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರಲು ಸಾಧ್ಯ? ಬಾಯಿ ಬಿಟ್ಟರೆ ಅವನ ಕೆಲಸಕ್ಕೇ ಸಂಚಕಾರ. ಬಿಡದಿದ್ದರೆ ಮೇಡಂ ಬಾಯಲ್ಲಿ ಸುಳ್ಳು ಲೋಕಕ್ಕೆಲ್ಲ ಹಬ್ಬುತ್ತದೆ. ಅವಳು ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಎಲ್ಲವನ್ನೂ ಕೇಳಿ ಮೇಡಂ ಗಡಿಯಾರ ನೋಡಿದರು. "ಮೂರು ಗಂಟೆಗೆ ಮೊಳಕೆ ನೋಡೋಕೆ ಪರಿಶೀಲನಾ ಸಮಿತಿಯವರು ಬರ್ತಾರೆ ಮಣ್ಣಕ್ಕ."

"ಅದಕ್ಕೇ ಈಗ್ಲೇ ಹೇಳ್ದೆ. ಬೋಗುಣಿ ನೀರನ್ನ ಉಪ್ಪು ಅಳೆಯೋ ಮಿಷನ್‌ಗೆ ಹಾಕಿ ಮೇಡಂ. ನಾನು ಹಾಕಿದ ಉಪ್ಪು ಎಲ್ಲೂ ಹೋಗಿರಲ್ಲ."

ಎರಡು ಗಂಟೆ ಕಾಲ ಅವಳು ಊಟ ಬಿಟ್ಟು ಮಿಷನ್ ಪಕ್ಕದಲ್ಲೇ ನಿಂತಳು. ಬೋಗುಣಿಯ ನೀರಿನಲ್ಲಿ ಐವತ್ತೇಳು ಗ್ರಾಂ ಸಿಕ್ಕಿತು. ಟ್ರೇಯ ಮಣ್ಣಿನಲ್ಲಿ ಉಳಿದದ್ದು ಮೂರು. ಮೇಡಂ ಕೂಡಿಸಿ ನೋಡಿದರು, ಮತ್ತೊಮ್ಮೆ ಕೂಡಿಸಿದರು. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ನೋಡಿ ಜೋರಾಗಿ ನಕ್ಕರು.

ಸಮಿತಿಯ ಮುಂದೆ ಮೇಡಂ ಏನನ್ನೂ ಮುಚ್ಚಿಡಲಿಲ್ಲ. "ಈ ಮಣ್ಣು ಇದ್ದ ಹಾಗೇ ಬೀಜ ಒಪ್ಪಲ್ಲ. ಉಪ್ಪು ತೊಳೆದುಹೋದ್ರೆ ಒಪ್ಪುತ್ತೆ ಅನ್ಸುತ್ತೆ. ತಪ್ಪು ನಡೆದಿದ್ದು ನೀರಲ್ಲಿ. ನಮ್ಮ ಮಣ್ಣಕ್ಕನ ಅಳತೇಲಿ ಒಂದು ಗ್ರಾಂ ಕೂಡ ವ್ಯತ್ಯಾಸ ಇಲ್ಲ."

ಸಮಿತಿಯ ಹಿರಿಯರು ಹುಬ್ಬೇರಿಸಿದರು. "ಒಂದು ಟ್ರೇ ನೆಚ್ಕೊಂಡು ಏನ್ ಹೇಳೋಕಾಗುತ್ತೆ? ಇದೇ ಮಣ್ಣು ಮತ್ತೆ ಮಾಡೋಕಾಗುತ್ತಾ ನಿಮಗೆ?"

"ನೂರು ಟ್ರೇ ಕೇಳಿ ಸಾರ್," ಎಂದಳು ಮಣ್ಣಕ್ಕ. ಅಂಥ ದೊಡ್ಡವರ ಮುಂದೆ ತನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟಿದ್ದು ಅವಳಿಗೇ ಹೆಮ್ಮೆಯೆನಿಸಿತು. "ಪ್ರತಿಯೊಂದರಲ್ಲೂ ಅರವತ್ತು ಅಂದ್ರೆ ಅರವತ್ತೇ."

ಮಣ್ಣು ತೊಳೆದ ಟ್ರೇ ಹನ್ನೆರಡು, ತೊಳೆಯದ್ದು ಹನ್ನೆರಡು ಇಟ್ಟು ಮತ್ತೆ ಬಿತ್ತುವುದೆಂದು ಅಲ್ಲೇ ತೀರ್ಮಾನವಾಯಿತು. ತೊಳೆಯುವವರು ಯಾರು ಎಂದು ಮೇಡಂ ಕೇಳಿದರು. ಬಾಗಿಲ ಬಳಿ ಎದೆಯುಬ್ಬಿಸಿಕೊಂಡು ನಿಂತಿದ್ದ ಗಂಡನ ಕಡೆ ಮಣ್ಣಕ್ಕ ಕೈ ತೋರಿಸಿದಳು.

"ಇವರೇ ತೊಳೀಲಿ ಮೇಡಂ. ನೀರು ಮಾತ್ರ ನಾನು ಅಳೆದು ಕೊಡ್ತೀನಿ."